ಏರಿಳಿಯುವ ಕಪಾಟು

ಮಗಳು ಶೇಖರಮ್ಮನನ್ನು ನೋಡಲು ಮುದಗಲ್ಲಿನಿಂದ ಬೀಗರು ಬರುತ್ತಾರೆಂದಾಗ ನಾನು ಮೀಸೆ ತಿರುವಿ ಸಾರಿದೆ: 'ಇಡೀ ಮಸ್ಕಿಯೊಳಗ ಇಲ್ಲದಂಥಾ ಕಪಾಟು ನನ್ನ ಕೈಲೆ ಮಾಡ್ತೀನಿ! ಹಲಗಿ ಬೇಕಂದ್ರ ಏರತೈತಿ, ಬ್ಯಾಡಂದ್ರ ಇಳಿತೈತಿ. ಚೆಂದಕ್ಕ ಚೆಂದ, ಕೆಲಸಕ್ಕ ಕೆಲಸ!'

ಹೆಂಡತಿ ಕಸ್ತೂರೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. 'ಬಡಿಗ್ಯಾರ ಜಿಲಾನಿಸಾಬ್ ಊರಾಗಿಲ್ಲೇನ್ರಿ?'

'ಯಾವಾಗ ಕೇಳಿದ್ರೂ ನಾಳೆ ಅಂತಾನ. ಅವನ ನಾಳೆ ಬರೋದ್ರಾಗ ನಮ್ಮ ಮಗಳು ಅಜ್ಜಿ ಆಗಿರ್ತಾಳ!'

'ಹಿಂದಿನ ಬೀಗ್ರು ನಿಮ್ಮ ಸಿಟ್ಟು ನೋಡೇ ಚಾ ಕುಡೀದ ಎದ್ದು ಹೋಗ್ಯಾರ. ಈ ಸಂಬಂಧನೂ ತಪ್ಪಿದ್ರ ಹುಡುಗಿ ಗತಿ ಏನ್ರಿ? ಬಾಯಿ ಒಂದು ಮುಚ್ಚಿರ್ರಿ, ಸಾಕು.'

ಬಾಯಿ ಮುಚ್ಚಿದೆ, ಕೈ ಬಿಡಲಿಲ್ಲ. ನಿಜಾಮನ ಕಾಲದಲ್ಲಿ ನಾಲ್ಕನೆಯ ಜಮಾತಿನ ತನಕ ಶಾಲೆ ಕಲಿತ ಎಂಜಿನಿಯರ್ ನಾನು! ಬೇವಿನ ಕಂಬಗಳಿಗೆ ಬೈರಿಗೆಯಿಂದ ಸಾಲಾಗಿ ತೂತು ಕೊರೆದೆ. ಗೂಟ ಸಿಕ್ಕಿಸಿ, ಅವುಗಳ ಮೇಲೆ ಹಲಗೆ ಕೂಡಿಸಿದೆ. ನೆತ್ತಿಯಲ್ಲಿ ಎರಡು ಗಿಣಿ ಕೆತ್ತಿದೆ. ಕಸ್ತೂರೆಮ್ಮ ಅವನ್ನು ಕೋಳಿ ಎಂದಳು. ನುಂಗಿಕೊಂಡೆ. ಆದರೆ ಗೂಟಗಳು ತೂತಿನಲ್ಲಿ ಬಿಗಿದು ಕುಳಿತು, ಎಳೆದರೂ ಬರಲೊಲ್ಲವು. ಹೊಳೆಯಿತು ಉಪಾಯ! ಬಂಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಯನ್ನು ಗೂಟಗಳಿಗೆಲ್ಲ ಬಳಿದೆ. ಆಹಾ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು! ಪಡಸಾಲೆಯಲ್ಲಿ ನಿಲ್ಲಿಸಿ, ಹಿತ್ತಾಳೆ ಚರಿಗೆಗಳಿಂದ ಹಿಡಿದು ಜೋಳದ ಹಿಟ್ಟಿನ ಡಬ್ಬಿಯವರೆಗೆ ಎಲ್ಲವನ್ನೂ ಹೇರಿದೆ.

ಬೀಗರು ಬಂದರು. ಹುಡುಗನ ತಂದೆ ಕರಿಬಸಪ್ಪನವರು ನಗುವೇ ಅರಿಯದ ಗಂಭೀರ ಮನುಷ್ಯ. ಕಪಾಟಿನ ಬುಡದಲ್ಲೇ ಕಂಬಳಿಯ ಮೇಲೆ ಕುಳಿತರು.

'ಕಪಾಟು ಚೆಂದೈತಿ. ಯಾರು ಮಾಡ್ಯಾರ?'

ಅಷ್ಟು ಸಾಕಾಯಿತು! 'ನಾನ್ರೀ! ಹಲಗಿ ಏರತೈತ್ರಿ, ತೋರಸ್ತೀನಿ!'

'ಮೊದಲ ಸಾಮಾನು ಇಳಸ್ರೀ,' ಕಸ್ತೂರೆಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದಳು.

'ಇಳಸೋದಾದ್ರ ಇದರ ಹೆಚ್ಚುಗಾರಿಕಿ ಏನು ಬಂತು?' ಎಂದು ಮೇಲಿನ ಹಲಗೆಗೆ ಕೈ ಕೊಟ್ಟು ಒಂದು ಗೂಟ ಎಳೆದೆ. ಬಂತು. ಕೀಲೆಣ್ಣೆಯ ಕೃಪೆಯಿಂದ ಉಳಿದವೂ ಕರೆಯದೆಯೇ ಬಂದವು! ಮೇಲಿನ ಹಲಗೆ ನಡುವಿನದರ ಮೇಲೆ, ನಡುವಿನದು ಕೆಳಗಿನದರ ಮೇಲೆ! ಚರಿಗೆಗಳು ಅಂಗಳಕ್ಕೆ ಓಡಿದವು. ಹಿಟ್ಟಿನ ಡಬ್ಬಿ ನೇರವಾಗಿ ಕರಿಬಸಪ್ಪನವರ ರುಮಾಲಿನ ಮೇಲೆ ಬರಿದಾಯಿತು. ಮೈತುಂಬ ವಿಭೂತಿ ಬಳಿದ ಸಾಕ್ಷಾತ್ ಜಂಗಮಮೂರ್ತಿ!

ಆಗ ಚಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಶೇಖರಮ್ಮ ಕಿಸಕ್ಕನೆ ನಕ್ಕುಬಿಟ್ಟಳು. ನೋಡಬಂದವರ ಎದುರು ಹುಡುಗಿ ನಗುವುದೆಂದರೆ! ಮುಗಿಯಿತು ಸಂಬಂಧ ಎಂದುಕೊಂಡೆ. ಸಿಟ್ಟಿಗೇಳುವ ಧೈರ್ಯವೂ ನನಗಾಗಲಿಲ್ಲ!

ಕರಿಬಸಪ್ಪನವರು ಮೀಸೆಯ ಹಿಟ್ಟು ಝಾಡಿಸಿದರು. ಮೊದಲು ಅವರ ಹೊಟ್ಟೆ ಕುಣಿಯಿತು, ಆಮೇಲೆ ನಗು ಹೊರಬಿತ್ತು. 'ನಮ್ಮ ಮನ್ಯಾಗ ಎಲ್ಲಾರೂ ನನ್ನ ಕಂಡ್ರ ಅಂಜತಾರ. ನಕ್ಕಾಕಿ ಇಕಿ ಒಬ್ಬಾಕಿನ! ಹುಡುಗಿ ನಮಗ ಒಪ್ಪಿಗಿ ರೀ.'

ಹೋದ ಜೀವ ಬಂತು! 'ಏನ್ ಬೇಕಾದ್ರೂ ಕೇಳ್ರಿ ಬೀಗರ! ಮದುವಿ ನಮ್ಮ ಮನಿ ಮುಂದ, ಧಾಂಧೂಂ ಮಾಡಿಕೊಡ್ತೀನಿ!'

'ಏನೂ ಬ್ಯಾಡ. ಒಂದೇ ಕರಾರು,' ಎಂದರು ಅವರು, ರುಮಾಲು ಕೊಡವುತ್ತ. 'ಮದುವಿ ಹಂದರ ಮಾತ್ರ ನಿಮ್ಮ ಕೈಲೆ ಹಾಕಬ್ಯಾಡ್ರಿ!'