ಅವಸರದ ಬಿಲ್

ಮೀನಂಗಡಿ ಎಂಬ ಊರಿನ ಆ ಸಾಫ್ಟ್‌ವೇರ್ ಕಂಪನಿ ಬೆಳೆದದ್ದೇ ಮಹದೇವಪ್ಪನಿಗೆ ಮುಳುವಾಯಿತು. ಕಂಪನಿ ಎಂದರೆ ಒಂದೇ ಕೋಣೆಯಾಗಿದ್ದ ಕಾಲದಲ್ಲಿ ರೈತರಿಂದ ಕಾಳುಮೆಣಸು ಕೊಳ್ಳುವ ಅಂಗಡಿಗಳಿಗೆ ಬಿಲ್ ಹಾಕುವ ಪ್ರೋಗ್ರಾಂ ಬರೆದವನು ಅವನೇ. ಜನ ಹೆಚ್ಚಿದಂತೆ ಅವನನ್ನು ಮ್ಯಾನೇಜರ್ ಮಾಡಿ ಕೂರಿಸಿದರು. ಅಂದಿನಿಂದ ಮೀಟಿಂಗು, ಆ ಮೀಟಿಂಗಿನ ಬಗ್ಗೆ ಇನ್ನೊಂದು ಮೀಟಿಂಗು. ಮತ್ತೆ ಕೋಡ್ ಬರೆಯಬೇಕೆಂಬ ಆಸೆಯೊಂದೇ ಪಾಪ ಅವನಿಗೆ ಉಳಿದದ್ದು.

ಈಗ ಆ ಹಳೆಯ ಪ್ರೋಗ್ರಾಮಿಗೂ ಕುತ್ತು ಬಂತು. ಮಾಲಕಿ ವೀಣಾ ಎಐ ಕೈಲಿ ಹೊಸದೊಂದನ್ನು ಬರೆಸಿದ್ದಳು.

"ಮಹದೇವಪ್ಪಣ್ಣ, ಪುಲ್ಪಳ್ಳಿ ಶಿವಮಲ್ಲಪ್ಪನೋರ ಅಂಗ್ಡೀಲಿ ಇದನ್ನ ಹಾಕ್ಬಿಟ್ ಬನ್ನಿ."

ಬಸ್ಸಿನಲ್ಲಿ ಕೂತವನ ಕಣ್ಣು ಮಂಜಾಯಿತು. ಹಿಂದೆ ಇದೇ ದಾರಿಯಲ್ಲಿ ಸಿಡಿಯನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದ. ಹೋದ ಅಂಗಡಿಯಲ್ಲೆಲ್ಲ ಹಾಲಿಲ್ಲದ ಕಟ್ಟನ್ ಕಾಪಿ, ಊರ ಸುದ್ದಿ. ಎಂಥ ಸುಖದ ದಿನಗಳು!

ಹೊಸದನ್ನು ಹಾಕಿ ಮುಗಿಸುವಷ್ಟರಲ್ಲಿ ಅಂಗಡಿಗೆ ಇಂದ್ರಮ್ಮ ಮಾರಲು ಮೆಣಸು ತಂದಿದ್ದಳು. ಚೀಲ ತಕ್ಕಡಿಗೆ ತಾಗಿತೋ ಇಲ್ಲವೋ, ಹೊಸ ಪ್ರೋಗ್ರಾಂ ರೇಟನ್ನೂ ತಾನೇ ಹಾಕಿಕೊಂಡು ಬಿಲ್ ಉಗುಳಿತು.

"ಇದೇನು, ಮುಂಚೇನೇ ಬರ್ದಿಟ್ಟಿದ್ರಾ?" ಇಂದ್ರಮ್ಮ ಸೊಂಟಕ್ಕೆ ಕೈಯಿಟ್ಟಳು.

"ಅಯ್ಯೋ ಇಂದ್ರಮ್ಮಕ್ಕ, ಮಿಷನ್ ಲೆಕ್ಕ ಅದು!" ಎಂದ ಶಿವಮಲ್ಲಪ್ಪ.

"ಕಾಪಿ ಕುಡ್ದಿಲ್ಲ, ಮೆಣಸು ಮುಟ್ಟಿಲ್ಲ, ರೇಟು ಮಾತಾಡಿಲ್ಲ. ಆಗ್ಲೇ ಬಿಲ್ಲಾ? ಶರಿ, ಪಕ್ಕದಂಗ್ಡಿ ಐತೆ ನಂಗೆ!"

ಅವಳು ಚೀಲ ಹೊರಿಸಿಕೊಂಡು ಹೊರಟಳು. ಹಿಂದೆ ನಿಂತಿದ್ದವರೂ ಅನುಮಾನದಿಂದ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಶಿವಮಲ್ಲಪ್ಪ ಕೆಂಪಾದ ಮುಖದಿಂದ ಮಹದೇವಪ್ಪನತ್ತ ತಿರುಗಿದ.

"ನಿನ್ ಹಳೇದು ತಿಣುಕ್ತಾ ಕೂತಿದ್ದಾಗ ನಾವು ಕಾಪಿ ಕುಡ್ಕೊಂಡು ಯಾಪಾರ ಕುದುರಿಸ್ತಿದ್ವಿ ಕಣಪ್ಪಾ! ಆ ನಿಧಾನಾನೇ ವಾಪಸ್ ಕೊಡು!"

ಬೈಸಿಕೊಂಡು ಇಷ್ಟು ಖುಷಿಪಟ್ಟ ಮನುಷ್ಯ ಇನ್ನೊಬ್ಬನಿರಲಾರ. ಮಹದೇವಪ್ಪ ಸಿಕ್ಕ ಬಸ್ಸು ಹತ್ತಿ ಆಫೀಸಿಗೆ ಓಡಿಬಂದು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ಅವ್ರಿಗೆ ನಿಧಾನ ಬೇಕಂತೆ ಮೇಡಂ. ಅದು ನಂಗೇ ಗೊತ್ತಿರೋದು. ಮ್ಯಾನೇಜರ್ ಕೆಲ್ಸ ಬೇರೆಯೋರಿಗೆ ಕೊಡಿ, ನಾನು ಕೂತು ಬರೀತೀನಿ."

ವೀಣಾ ತಲೆದೂಗಿ ಎಐಗೆ ಒಂದು ಸಾಲು ಟೈಪ್ ಮಾಡಿದಳು. ಪರದೆ ಮಿಟುಕಿತು.

"ಆಯ್ತು ನೋಡಿ! ಇನ್ಮೇಲೆ ಕಾಪಿ ಮುಗಿಯೋವರ್ಗೂ ಕಾಯುತ್ತೆ. ನಿಮ್ದಕ್ಕಿಂತ ಚೆನ್ನಾಗಿ ತಿಣುಕುತ್ತೆ!"

ಮಹದೇವಪ್ಪ ಬಗ್ಗಿ ಪರದೆಯನ್ನು ಮತ್ತೊಮ್ಮೆ ಓದಿದ.

"ಆದ್ರೆ ಅಣ್ಣ, ಜನರ ಮನಸ್ಸು ನಿಮ್ಮಷ್ಟು ತಿಳಿದೋರು ಇಲ್ಲಿ ಯಾರಿದಾರೆ? ನಿಮ್ಮನ್ನ ಕೋಡ್ ಬರ್ಯೋಕೆ ಕೂರ್ಸಿದ್ರೆ ಅನ್ಯಾಯ. ಇವತ್ತಿಂದ ಎಲ್ಲಾ ಮ್ಯಾನೇಜರ್‌ಗಳಿಗೂ ನೀವೇ ಮ್ಯಾನೇಜರ್!"

ಆಫೀಸಿಗೆ ಆಫೀಸೇ ಚಪ್ಪಾಳೆ ತಟ್ಟಿತು. ಮಹದೇವಪ್ಪನೂ ತಟ್ಟಿದ, ಬೇರೇನು ಮಾಡಿಯಾನು?