ರಸಪುರಿಗೆ ತೊಡಿಸಿದ ಉಂಗುರ

ಗಂಡಸಿ ಊರಿನ ಕೊಬ್ಬರಿ ವ್ಯಾಪಾರಿ ಉಮಾಶಂಕರನ ಹಿತ್ತಲಿನಲ್ಲಿ ಒಂದು ರಸಪುರಿ ಮಾವಿನ ಮರವಿತ್ತು. ಬುಡ ಇವನದು, ನೀರು ಇವನದು, ಗೊಬ್ಬರವೂ ಇವನದೇ. ಆದರೆ ದಪ್ಪನೆಯ ಕೊಂಬೆಯೊಂದು ಕಾಂಪೌಂಡು ದಾಟಿ ಪಕ್ಕದ ಮನೆಯ ಮುದ್ದಮ್ಮನ ಅಂಗಳಕ್ಕೆ ಚಾಚಿತ್ತು. ಆ ಕಡೆ ಬಿಟ್ಟ ಹಣ್ಣು ಆ ಕಡೆಯವರಿಗೆ ಎಂದು ಅಪ್ಪ ಚನ್ನಬಸವಯ್ಯ ಹಿಂದೆಯೇ ಮಾತು ಕೊಟ್ಟಿದ್ದರಿಂದ ಕೊಂಬೆ ಕಡಿಯುವಂತಿರಲಿಲ್ಲ. ಹೊಟ್ಟೆ ಉರಿದುಕೊಳ್ಳುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ.

ಸಿಹಿ ಬೇರಿನಿಂದ ಮೇಲಕ್ಕೆ ಹತ್ತುತ್ತದೆ ಎಂದೇ ಉಮಾಶಂಕರ ನಂಬಿದ್ದ. ದಾರಿ ಕಡಿದರೆ ಮುದ್ದಮ್ಮನಿಗೆ ಹುಣಿಸೆಯಂಥ ಹುಳಿ, ಅವಳ ಪಾಲಿನ ಸಿಹಿಯೂ ತನಗೇ. ಕಾಯಿ ನಿಂಬೆಹಣ್ಣಿನಷ್ಟಾದಾಗ ಏಣಿ ಹತ್ತಿ, ಆ ಕೊಂಬೆಯ ತೊಗಟೆಯನ್ನು ಸುತ್ತಲೂ ಬಳೆಯಂತೆ ಕೆತ್ತಿ ತೆಗೆದ.

ಸದ್ದಿಗೆ ಮುದ್ದಮ್ಮ ಹೊರಬಂದಳು. "ಅದೇನ್ ಮಾಡ್ತಿದೀಯ ಶಂಕ್ರಣ್ಣ?"

ಅವನು ಏಣಿಯ ಮೇಲಿಂದಲೇ ಹಲ್ಲು ಕಿರಿದ. "ಉಂಗುರ ತೊಡಿಸ್ತಿದೀನಿ ಕಣಕ್ಕ. ನಿಮ್ ಕಡೆ ಹಣ್ಣು ಸಿಹಿ ಆಗ್ಲಿ ಅಂತ."

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ!"

ಹಣ್ಣಿನ ಕಾಲ ಬಂತು. ಒಂದು ಬೆಳಗ್ಗೆ ಮುದ್ದಮ್ಮ ಬುಟ್ಟಿ ತುಂಬ ಹಣ್ಣು ತಂದು ಉಮಾಶಂಕರನ ಜಗುಲಿಯ ಮೇಲಿಟ್ಟು, "ನಿಮ್ ಹಿತ್ಲಲ್ಲಿ ಒಸಿ ಕೆಲ್ಸ ಐತೆ" ಎಂದು ಅವನ ಮನೆಯೊಳಗಿನಿಂದಲೇ ಹಾದುಹೋದಳು. ಉಮಾಶಂಕರ ಒಂದನ್ನು ಕಚ್ಚಿದ. ಜೇನು! ತನ್ನ ಕಡೆಯ ಹಣ್ಣು ಎಂದಿನಂತೆ ಸಪ್ಪೆಯಾಗಿತ್ತು.

"ಅಪ್ಪಾ, ಸಕ್ಕರೆ ಮಾಡೋದು ಬೇರಲ್ಲ, ಎಲೆ" ಎಂದಳು ಪಿಯುಸಿ ಓದುವ ಮಗಳು ಗಾನವಿ, ನಗು ತಡೆಯಲಾರದೆ. "ಅದು ತೊಗಟೆಯೊಳಗಿಂದ ಕೆಳಗಿಳಿಯುತ್ತೆ. ನೀವು ತೊಗಟೆ ತೆಗೆದ್ರಲ್ಲ, ಇಳಿಯೋಕೆ ದಾರಿಯಿಲ್ದೆ ಅವರ ಸಕ್ಕರೆ ಅವರ ಹಣ್ಣಲ್ಲೇ ಉಳೀತು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಆದರೂ ವ್ಯಾಪಾರಿಯ ಬುದ್ಧಿ ಸುಮ್ಮನಿರಬೇಕಲ್ಲ. "ಹಂಗಾದ್ರೆ ಮುಂದಿನ ವರ್ಷ ನಮ್ಮ ಬುಡಕ್ಕೇ ಒಂದು ಉಂಗುರ ಹಾಕ್ಬಿಟ್ರೆ?"

"ಅಯ್ಯೋ, ಬೇರಿಗೂ ಊಟ ಅದೇ ದಾರೀಲಿ ಹೋಗ್ಬೇಕು. ಬುಡಕ್ಕೆ ಹಾಕಿದ್ರೆ ಬೇರು ಉಪವಾಸ ಬಿದ್ದು ಮರವೇ ಸತ್ತೋಗುತ್ತೆ!"

ಅಷ್ಟರಲ್ಲಿ ಮುದ್ದಮ್ಮ ಬೆವರು ಒರೆಸಿಕೊಳ್ಳುತ್ತ ಹಿತ್ತಲಿನಿಂದ ಬಂದಳು. ಕೈಯಲ್ಲಿ ಮಚ್ಚಿತ್ತು, ಸೆರಗಿನ ತುಂಬ ತೊಗಟೆಯ ಚೂರು.

"ಒಬ್ರು ಮಾಡಿದ್ ಉಪಕಾರನ ಇಟ್ಕಬಾರ್ದು ಕಣಪ್ಪ. ನಿನ್ ಕಡೀಕೂ ಸಿಹಿ ಆಗ್ಲಿ ಅಂತ ಬುಡುಕ್ಕೇ ಅಗಲವಾಗಿ ಒಂದು ಉಂಗುರ ತೊಡಿಸ್ಬುಟ್ಟೆ. ಈಗ ನನ್ ಹೊಟ್ಟೇನೂ ತಣ್ಣಗಾಯ್ತು ನೋಡು!"