ಹಿಡಿದು ಬಿಡುವ ಮೀನಿನ ಹಿಂದೆ ಬಿದ್ದು

ಕೆಲವರ ಹಣೆಯಲ್ಲಿ ರಾಜಯೋಗ ಬರೆದಿರುತ್ತದೆ. ನನ್ನ ಹಣೆಯಲ್ಲಿ ಬರೆದವನು ಮಾತ್ರ "ಇವನಿಗೆ ಸಿಗಬೇಕಾದದ್ದು ಸಿಗುವ ಹೊತ್ತಿಗೆ ಸರಿಯಾಗಿ ತಪ್ಪಲಿ" ಎಂದು ಗೀಚಿ ಎದ್ದು ಹೋಗಿದ್ದಾನೆ. ಇಲ್ಲದಿದ್ದರೆ ಮಲ್ಪೆಯ ಹತ್ತಿರ ಹುಟ್ಟಿ, ಬಹರೈನಿನಲ್ಲಿ ಎಸಿ ಕಂಪನಿಯ ಸ್ಟೋರ್ ನೋಡಿಕೊಂಡು, ಎರಡೂ ಕಡೆ ಸಮುದ್ರವನ್ನು ಪಕ್ಕದಲ್ಲೇ ಇಟ್ಟುಕೊಂಡವನಿಗೆ ಸಮುದ್ರವೇ ಇಲ್ಲದ ಊರಿನ ಮೀನಿನ ಮೇಲೆ ಯಾಕೆ ಆಸೆ ಹುಟ್ಟಬೇಕು? ಹುಟ್ಟಿತು. ಆಮೇಲೆ ಆದದ್ದೆಲ್ಲ ಹೀಗೆಯೇ ಆಗುತ್ತಾ ಹೋಯಿತು.

ಮೇಜಿನ ಮೇಲಿನ ಫೋಟೊ

ನಮ್ಮ ಮ್ಯಾನೇಜರ್ ಅಮೆರಿಕದವರು. ಬೆಟ್ಟದ ಊರು, ವರ್ಷದಲ್ಲಿ ಅರ್ಧ ಹಿಮ. ಹೆಂಡತಿ ಅಲ್ಲಿ, ಇವರು ಇಲ್ಲಿ. ಅವರ ಮೇಜಿನ ಮೇಲೆ ಚೌಕಟ್ಟು ಹಾಕಿಸಿದ ಒಂದು ಫೋಟೊ ಇತ್ತು. ಹೆಂಡತಿಯದಿರಬೇಕೆಂದು ಗೌರವದಿಂದ ಬಗ್ಗಿ ನೋಡಿದರೆ ಮೀನು! ಮೈತುಂಬ ಕಪ್ಪು ಚುಕ್ಕೆ, ದವಡೆಯ ಕೆಳಗೆ ಯಾರೋ ಚೂರಿ ಎಳೆದ ಹಾಗೆ ಕೆಂಪು ಗೆರೆ.

"ಕಟ್‌ಥ್ರೋಟ್ ಟ್ರೌಟ್" ಎಂದರು ಅವರು. "ನಮ್ಮ ಹೊಳೆಗಳ ಮೂಲ ಮೀನು. ಹೊರಗಿನಿಂದ ತಂದು ಬಿಟ್ಟ ಮೀನುಗಳು ಕೆಳಗಿನ ನೀರನ್ನೆಲ್ಲ ಹಿಡಿದುಕೊಂಡವು. ಇದು ಈಗ ತೀರಾ ಮೇಲೆ, ಕೊರೆಯುವ ನೀರಿನಲ್ಲಿ ಮಾತ್ರ ಉಳಿದಿದೆ."

ನನ್ನ ಜೊತೆಯಲ್ಲಿ ಕಂಪನಿಯ ಡ್ರೈವರ್ ಇದ್ದರು. ಉಳ್ಳಾಲದ ಬ್ಯಾರಿ, ವಯಸ್ಸಿನಲ್ಲಿ ಹಿರಿಯರು, ನಮಗೆಲ್ಲ ಕಾಕ. ಅವರು ನನ್ನ ಕಿವಿಯಲ್ಲಿ, "ಹೊರಗಿನವರು ಬಂದು ತುಂಬಿದ್ದಾರೆ ಅಂತ ಹೇಳುದು ಮೀನಿನ ವಿಷಯವಾ, ನಮ್ಮ ವಿಷಯವಾ?" ಎಂದು ಕೇಳಿದರು.

ನಾನು ಮುಖ್ಯವಾದ ಪ್ರಶ್ನೆಗೆ ಬಂದೆ. "ಇದನ್ನು ಹೇಗೆ ಮಾಡಿದಿರಿ ಸರ್? ಫ್ರೈಯೋ, ಗಸಿಯೋ?"

"ಹಿಡಿದೆ, ನೋಡಿದೆ, ವಾಪಸ್ ಬಿಟ್ಟೆ."

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳ ಕಣ್ಣಲ್ಲಿ ನೀರೇ ಬಂತು. "ಪಾಪ, ಮಸಾಲೆ ಕಡೆದು ಕೊಡುವವರು ಯಾರೂ ಇಲ್ವಲ್ಲ, ಬಿಡದೆ ಮತ್ತೆಂತ ಮಾಡುದು?" ಮರುದಿನ ನನ್ನ ಬುತ್ತಿಯ ಜೊತೆ ಮ್ಯಾನೇಜರರಿಗೆಂದು ಒಂದು ಡಬ್ಬಿ ಮೀನಿನ ಮಸಾಲೆ ಬಂತು. ಅವರು ಅದನ್ನು ಬ್ರೆಡ್ಡಿಗೆ ಸವರಿ ತಿಂದು, ಆ ಮಧ್ಯಾಹ್ನ ಮೀಟಿಂಗ್ ರದ್ದು ಮಾಡಿದರು.

ಬುಸೈತೀನ್ ದಡದಲ್ಲಿ

ಆ ಫೋಟೊ ನೋಡಿದ ದಿನದಿಂದ ನನಗೊಂದೇ ಹುಚ್ಚು. ಆ ತಣ್ಣನೆಯ ನೀರಿನಲ್ಲಿ ನಿಂತು, ಆ ಮೀನನ್ನು ಒಮ್ಮೆ ಈ ಕೈಯಲ್ಲಿ ಹಿಡಿಯಬೇಕು. ಹೇಳಿದಾಗ ಮ್ಯಾನೇಜರ್ ನಗಲಿಲ್ಲ. "ನನ್ನ ಮಂಡಿ ಗಟ್ಟಿಯಿರುವಾಗಲೇ ಕರೆದುಕೊಂಡು ಹೋಗುತ್ತೇನೆ" ಎಂದರು. ಅಭ್ಯಾಸಕ್ಕೆ ಒಂದು ಚಳಿಗಾಲದ ಶುಕ್ರವಾರ ಬೆಳಿಗ್ಗೆ ನನ್ನನ್ನೂ ಕಾಕನನ್ನೂ ಬುಸೈತೀನಿನ ಸಮುದ್ರದ ದಡಕ್ಕೆ ಕರೆದೊಯ್ದರು.

ಗಾಳದಲ್ಲಿ ಸಿಗಡಿಯಿಲ್ಲ, ಎರೆಹುಳವಿಲ್ಲ. ಬರೀ ಹಕ್ಕಿಯ ಗರಿ, ನೊಣದ ಹಾಗೆ ಕಟ್ಟಿದ್ದು. ಪಕ್ಕದಲ್ಲಿ ಕೂತಿದ್ದ ಬಹರೈನಿ ಅಜ್ಜ ಅದನ್ನು ಕೈಯಲ್ಲಿ ಹಿಡಿದು ನೋಡಿ, ಮ್ಯಾನೇಜರರ ಮುಖವನ್ನೂ ನೋಡಿ, ತನ್ನ ಡಬ್ಬದಿಂದ ಎರಡು ಸಿಗಡಿ ದಾನ ಮಾಡಿದ.

ಆದರೂ ಗರಿಗೇ ಒಂದು ಮೀನು ಬಿತ್ತು. ಒಳ್ಳೆ ಗಾತ್ರದ ಶೇರಿ, ಇಲ್ಲಿನವರ ಇಷ್ಟದ ಮೀನು. ಕಾಕ ಚೀಲ ಬಿಡಿಸಿ ಹಿಡಿದರು. ಮ್ಯಾನೇಜರ್ ಮೆಲ್ಲಗೆ ಗಾಳ ಬಿಡಿಸಿ, ಮೀನನ್ನು ನೀರಿಗೆ ಇಳಿಸಿ, ಕೈ ತೆರೆದರು.

"ಹರಾಮ್! ಹರಾಮ್!" ಎಂದು ಅಜ್ಜ ತಲೆಯ ಮೇಲೆ ಕೈ ಹೊತ್ತ. "ಅಯ್ಯಯ್ಯೋ!" ಎಂದೆ ನಾನು. ಕಾಕ ಬಟ್ಟೆ ಸಮೇತ ನೀರಿಗೆ ಹಾರಿದರು. ಎದೆಮಟ್ಟದ ನೀರಿನಲ್ಲಿ ಚೀಲ ಬೀಸಿ ಬೀಸಿ, ಬರಿಗೈಯಲ್ಲಿ ಮೇಲೆ ಬಂದು ಜೇಬು ಮುಟ್ಟಿಕೊಂಡರೆ ಕಾರಿನ ಕೀ ಇಲ್ಲ.

ಮೂವರೂ ನಡೆದೇ ಮುಖ್ಯ ರಸ್ತೆಗೆ ಬಂದೆವು. ದಾರಿಯಲ್ಲಿ ಕಾಕ ಒಂದೇ ಮಾತು ಹೇಳಿದ್ದು: "ಅವರು ಬಿಟ್ಟದ್ದು ಅವರ ಮೀನು. ನಾನು ಬಿಟ್ಟದ್ದು ಕಂಪನಿಯ ಕೀ. ಪುಣ್ಯ ಯಾರಿಗೆ ಜಾಸ್ತಿ ಮಾರಾಯ್ರೆ?"

ಐಸು ಮತ್ತು ಶರಬತ್ತು

ಆ ಹೊಳೆಯ ನೀರಿನಲ್ಲಿ ನಿಂತರೆ ಕಾಲು ಇದೆಯೋ ಇಲ್ಲವೋ ತಿಳಿಯದು ಎಂದಿದ್ದರು ಮ್ಯಾನೇಜರ್. ನಮ್ಮ ಸೆಗಯಾದ ಫ್ಲಾಟಿನಲ್ಲಿ ಬೇಸಿಗೆಗೆ ತಣ್ಣೀರಿನ ನಲ್ಲಿ ತಿರುಗಿಸಿದರೆ ಚಹಾಕ್ಕೆ ಆಗುವಂಥ ನೀರು ಬರುತ್ತದೆ. ಹಾಗಾಗಿ ಇಲ್ಲಿ ಕೋಲ್ಡ್ ಸ್ಟೋರ್ ಎಂದು ಕರೆಯುವ ಕೆಳಗಿನ ಕಿರಾಣಿ ಅಂಗಡಿಯಿಂದ ಐಸಿನ ಚೀಲ ತಂದು, ಬಚ್ಚಲಿನಲ್ಲಿ ದೊಡ್ಡ ಟಬ್ಬಿಗೆ ಸುರಿದು, ಕುರ್ಚಿ ಹಾಕಿಕೊಂಡು ಕಾಲಿಟ್ಟು ಕೂರುತ್ತಿದ್ದೆ.

ಮಗಳ ಬರ್ತ್‌ಡೇ ದಿನವೂ ಕೂತಿದ್ದೆ. ಫ್ರಿಜ್ಜಿನ ತುಂಬ ಕೇಕು. ಹೆಂಡತಿ ಬಾಗಿಲು ತಳ್ಳಿ ಬಂದವಳೇ ಪುನರ್ಪುಳಿ ಶರಬತ್ತಿನ ಬಾಟಲಿಗಳನ್ನು ನನ್ನ ಕಾಲಿನ ಸುತ್ತ ನೆಟ್ಟು, "ಕಾಲು ಅಲ್ಲಾಡಿಸ್ಬೇಡಿ" ಎಂದು ಹೋದಳು.

ಹೊರಗೆ ಹೆಂಗಸರು ಹೊಗಳಿದ್ದೇ ಹೊಗಳಿದ್ದು. "ಎಷ್ಟು ಚಂದ ತಣ್ಣಗಾಗಿದೆ! ಯಾವ ಫ್ರಿಜ್ ಮಾರಾಯ್ತಿ?" ಅಷ್ಟರಲ್ಲಿ ಮಗಳು ಇನ್ನೆರಡು ಬಾಟಲಿ ತರಲು ಬಚ್ಚಲಿಗೆ ಬಂದು, ನನ್ನನ್ನು ನೋಡಿ, ಹಾಲ್‌ನಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದಳು: "ಮಮ್ಮಿ, ಪಪ್ಪಾ ಈಸ್ ಸಿಟ್ಟಿಂಗ್ ಇನ್ ದ ಜ್ಯೂಸ್!"

ಬಾಟಲಿಯ ಮುಚ್ಚಳ ಗಟ್ಟಿಯಿತ್ತೆಂದು ಹೆಂಡತಿ ಎಷ್ಟು ಹೇಳಿದರೂ ಕೇಳುವವರಿಲ್ಲ. ಇವತ್ತಿಗೂ ನಮ್ಮ ಮನೆಗೆ ಬಂದವರು ಚಹಾ ಮಾತ್ರ ಕುಡಿಯುತ್ತಾರೆ, ಅದೂ ಕುದಿಸುವುದನ್ನು ಕಣ್ಣಾರೆ ನೋಡಿ.

ಸತ್ಯ ಹೇಳಿದ್ದಕ್ಕೆ

ನಿವೃತ್ತಿಗೆ ಮುಂಚಿನ ಕೊನೆಯ ರಜೆಗೆ ಮ್ಯಾನೇಜರ್ ನನ್ನನ್ನು ನಿಜವಾಗಿಯೂ ಕರೆದರು. ಅಷ್ಟು ಹೊತ್ತಿಗೆ ಅವರ ಮಂಡಿ ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತಿತ್ತು. ವೀಸಾಕ್ಕೆ ಹೋದೆ. ಕಿಟಕಿಯ ಆಚೆ ಅಧಿಕಾರಿ.

"ಯಾಕೆ ಹೋಗುತ್ತಿದ್ದೀರಿ?"

"ಮೀನು ಹಿಡಿಯಲು."

"ಬಹರೈನಿನಲ್ಲಿ ಮೀನಿಲ್ಲವೇ?"

"ಬೇಕಾದಷ್ಟಿದೆ. ಇದು ತಣ್ಣೀರಿನದು."

"ಹಿಡಿದು ಏನು ಮಾಡುತ್ತೀರಿ?"

"ಬಿಡುತ್ತೇನೆ."

"ಬಿಟ್ಟು?"

"ಸೀದಾ ವಾಪಸ್ ಬರುತ್ತೇನೆ."

ಅಧಿಕಾರಿ ನನ್ನ ಮುಖವನ್ನು ತುಂಬ ಹೊತ್ತು ನೋಡಿ ಪಾಸ್‌ಪೋರ್ಟ್ ಈಚೆ ತಳ್ಳಿದರು. ವೀಸಾ ಇಲ್ಲ.

ಆ ಸಂಜೆ ಊಟ ಸೇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನಗೆ ಕೈಗೇ ಬರಲಿಲ್ಲ. ದುಃಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಸಮಾಧಾನ ಮಾಡಬೇಕಾದ ಹೆಂಡತಿ ತಟ್ಟೆಗೆ ಬಂಗುಡೆ ಬಡಿಸುತ್ತಾ ಹೇಳಿದಳು: "ತಿನ್ನುದಕ್ಕೆ ಅಂತ ಹೇಳಿದ್ರೆ ಯಾರಾದ್ರೂ ನಂಬ್ತಿದ್ರು. ಬಿಡುದಕ್ಕೆ ಅಷ್ಟು ದೂರ ಹೋಗುವವನನ್ನು ನಾನೇ ಒಳಗೆ ಬಿಡ್ಲಿಕ್ಕಿಲ್ಲ."

ಹೋಗಿ ಬಾ

ಮ್ಯಾನೇಜರ್ ನಿವೃತ್ತರಾಗಿ ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಎದೆಯಲ್ಲಿ ಏನೇನೋ ಇತ್ತು, ಬಾಯಿಂದ ಬಂದದ್ದು "ಸೇಫ್ ಜರ್ನಿ ಸರ್" ಮಾತ್ರ. ಅವರಿಲ್ಲದ ಆಫೀಸು ನನಗೆ ಬಿಕೋ ಎನ್ನಿಸಿತು.

ಕಳೆದ ವರ್ಷ ಒಂದು ಶುಕ್ರವಾರ ಸಂಜೆ ಅವರ ವಿಡಿಯೊ ಕಾಲ್ ಬಂತು. ಅಲ್ಲಿ ಬೆಳಗು. ಹೊಳೆಯಲ್ಲಿ ಮಂಡಿಯವರೆಗೆ ನಿಂತಿದ್ದರು. ದಡದಲ್ಲಿ ಅವರ ಹೆಂಡತಿ ಫೋನು ಹಿಡಿದಿದ್ದರು. "ಡಾಕ್ಟರ್ ಇನ್ನು ಹೊಳೆಗೆ ಇಳಿಯಬೇಡ ಎಂದಿದ್ದಾರೆ. ಇದೇ ಕೊನೆ. ನಿನ್ನನ್ನು ಬಿಟ್ಟು ಹೇಗೆ ಹಿಡಿಯಲಿ?" ಎಂದರು. ನಾನು, ಹೆಂಡತಿ, ಊಟಕ್ಕೆಂದು ಬಂದಿದ್ದ ಕಾಕ, ಮೂವರೂ ಫೋನಿನ ಮುಂದೆ ತಲೆಗೆ ತಲೆ ಹಚ್ಚಿ ಕೂತೆವು.

ಸ್ವಲ್ಪ ಹೊತ್ತಿಗೆ ಗಾಳದ ಕೋಲು ಬಾಗಿತು. ಮೀನು ಬಂತು! ಅವರು ಅದನ್ನು ಎರಡೂ ಕೈಯಲ್ಲಿ ನೀರಿನ ಮಟ್ಟಕ್ಕೆ ಹಿಡಿದು ಕೆಂಪು ಗೆರೆ ತೋರಿಸಿದರು. "ಇದು ನಿನ್ನ ಮೀನು. ನೀನು ಹೇಳಿದ ಮೇಲೆ ಬಿಡುತ್ತೇನೆ. ಬೇಗ ಹೇಳು!"

ಇಷ್ಟು ವರ್ಷ ಕಾದ ಮೀನು. ನೋಡುತ್ತಾ ಕೂತೆ.

"ಎಷ್ಟು ಸಾಧು ಮೀನು ನೋಡಿ, ಸ್ವಲ್ಪವೂ ಒದ್ದಾಡುದಿಲ್ಲ" ಎಂದಳು ಹೆಂಡತಿ.

"ಸಾಹೇಬ್ರ ಕೈ ನೋಡಿ," ಎಂದರು ಕಾಕ. "ಈ ಪ್ರಾಯದಲ್ಲೂ ನಡುಗುದಿಲ್ಲ ಮಾರಾಯ್ರೆ!"

ನಾನು ಧೈರ್ಯ ತಂದುಕೊಂಡು "ಹೋಗು" ಎಂದೆ. ಹೆಂಡತಿ ತೊಡೆಗೆ ಚಿವುಟಿದಳು. "ಬರೀ ಹೋಗು ಅಂತ ಹೇಳ್ತಾರಾ? ಹೋಗಿ ಬಾ ಅನ್ನಿ." ಸರಿ, ಹೇಳಿದೆ. "ಹೋಗಿ ಬಾ. ನಿನ್ನ ನೀರು ತಣ್ಣಗಿರಲಿ. ನಿನ್ನ ಊರಿನಲ್ಲಿ ನೀನೇ ಉಳಿ." ಇನ್ನೂ ಏನೇನೋ ಹೇಳಿದೆ, ಅರ್ಧ ಅಳುತ್ತಲೇ. ಕಾಕ ಕರವಸ್ತ್ರ ಕೊಟ್ಟರು.

ಆಗ ಫೋನು ಗರ್ ಎಂದು, ಚಿತ್ರ ಹಾರಿ, ಮ್ಯಾನೇಜರ್ ದಡದ ಕಲ್ಲಿನ ಮೇಲೆ ಕೂತು ಕಾಫಿ ಕುಡಿಯುತ್ತಿರುವುದು ಕಂಡಿತು.

"ಸರ್! ಮೀನು?"

"ಅದು ಆಗಲೇ ಹೋಯಿತಲ್ಲ! ನಿನ್ನ ಮಾತು ಬರಲೇ ಇಲ್ಲ, ನೆಟ್‌ವರ್ಕ್ ನಿಂತುಹೋಗಿತ್ತು. ಕಾಯಿಸಿದರೆ ಸಾಯುತ್ತದೆ ಎಂದು ಬಿಟ್ಟೆ. ನೀನು ಏನು ಹೇಳಿದೆ?"

ಅದು ಹೋಗುವುದನ್ನೂ ನೋಡಲು ಸಿಗಲಿಲ್ಲ ನನಗೆ. ಅಷ್ಟು ಹೊತ್ತು ಬೀಳ್ಕೊಟ್ಟದ್ದು ನಿಂತುಹೋದ ಚಿತ್ರವನ್ನು. ಸಂಕಟವನ್ನು ನುಂಗಿಕೊಂಡು ವಿವರಿಸಿದೆ. ನಮ್ಮಲ್ಲಿ ಹೊರಟವರಿಗೆ ಬರೀ ಹೋಗು ಎನ್ನುವುದಿಲ್ಲ ಸರ್, ಹೋಗಿ ಬಾ ಎನ್ನುತ್ತೇವೆ, ಮತ್ತೆ ಬರಲಿ ಎಂದು.

ಅವರು ಕಾಫಿ ಕೆಳಗಿಟ್ಟು ನಕ್ಕರು. "ವಿಮಾನ ನಿಲ್ದಾಣದಲ್ಲಿ ನನಗೆ ಹಾಗೆ ಹೇಳಲಿಲ್ಲವಲ್ಲ ನೀನು."

ನನಗೆ ತಡೆಯಲಾಗಲಿಲ್ಲ. "ಸರ್, ಹೋಗಿ ಬನ್ನಿ!" ಎಂದು ಕಟ್ಟಡಕ್ಕೆಲ್ಲ ಕೇಳುವಂತೆ ಕೂಗಿದೆ. ಹೆಂಡತಿಯೂ ಕೂಗಿದಳು. ಕಾಕ ಎದ್ದು ನಿಂತು ಎರಡೂ ಕೈ ಬೀಸಿದರು. ಮ್ಯಾನೇಜರ್ ಬಾಯಿ ಅರ್ಧ ತೆರೆದು, ಒಂದು ಕೈ ಮೇಲೆತ್ತಿ, ನಮ್ಮನ್ನೇ ನೋಡುತ್ತಿದ್ದರು. ನಾವು ಕೂಗುತ್ತಲೇ ಇದ್ದೆವು, ಅವರು ನೋಡುತ್ತಲೇ ಇದ್ದರು.

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೋಡಿ ಇವ್ರೆ, ಎಷ್ಟು ಬೇಜಾರಾಗಿದೆ ಪಾಪ ಅವರಿಗೆ. ಕಣ್ಣು ಕೂಡ ಮಿಟುಕಿಸುದಿಲ್ಲ."